ಗಂಟೆಯಕ್ಕನ ಶಾಲೆಗೆ ಬಿದ್ದ ಒಂದು ಚೀಟಿ

ನಮ್ಮ ಊರಿನವರ ಬಗ್ಗೆ ಒಳ್ಳೆಯ ಮಾತು ಬೇಕಿದ್ದರೆ ಬೇರೆ ಯಾರನ್ನಾದರೂ ಕೇಳಿ. ನನ್ನ ಬಾಯಿ ಮೊದಲೇ ಸರಿಯಿಲ್ಲ. ಊರಲ್ಲಿ ನನಗಿಟ್ಟಿರುವ ಅಡ್ಡಹೆಸರು ‘ಕತ್ತರಿ’. ಬಟ್ಟೆ ಹೊಲಿಯುವವಳು ಎಂದು ಇಟ್ಟರೋ, ಬಾಯಿ ನೋಡಿ ಇಟ್ಟರೋ, ನಾನು ವಿಚಾರಿಸಲು ಹೋಗಿಲ್ಲ. ಆದರೆ ಗಂಟೆಯಕ್ಕನ ಕಥೆ ಹೇಳುವುದಾದರೆ ನಾನೇ ಹೇಳಬೇಕು. ಉಳಿದವರು ಹೇಳಿದರೆ ತಮ್ಮನ್ನು ಒಳ್ಳೆಯವರನ್ನಾಗಿ ಮಾಡಿಕೊಂಡೇ ಹೇಳುತ್ತಾರೆ.

ನನ್ನ ಹೊಲಿಗೆ ಅಂಗಡಿ ಶಾಲೆಯ ಗೇಟಿಗೆ ಎದುರು. ಯಂತ್ರದ ಮುಂದೆ ಕೂತರೆ ಶಾಲೆಯ ಅಂಗಳ, ಐದು ಕೋಣೆಗಳ ಬಾಗಿಲು, ಆಫೀಸಿನ ಕಿಟಕಿ, ಜಗಲಿಯಲ್ಲಿ ತೂಗುಹಾಕಿದ ರೈಲು ಕಂಬಿಯ ತುಂಡು, ಎಲ್ಲವೂ ಕಾಣುತ್ತಿತ್ತು. ಆ ಕಂಬಿಯ ತುಂಡೇ ಗಂಟೆ. ಮೂವತ್ತೊಂದು ವರ್ಷ ಅದನ್ನು ಬಾರಿಸಿದವಳು ಗಂಟೆಯಕ್ಕ. ಅವಳ ಗಂಡ ಅದೇ ಮಿಡ್ಲ್ ಸ್ಕೂಲಿನ ಅಟೆಂಡರ್ ಆಗಿದ್ದ. ಸೋರುವ ಹಂಚು ಸರಿಮಾಡಲು ಚಾವಣಿ ಹತ್ತಿದವನು ಜಾರಿ ಬಿದ್ದು ಮೂರನೇ ದಿನಕ್ಕೆ ತೀರಿಹೋದ. ಆ ಕೆಲಸವನ್ನು ಹೆಂಡತಿಗೆ ಕೊಟ್ಟರು. ಆಗ ಅವಳಿಗೆ ಇಪ್ಪತ್ತಾರು, ಕಂಕುಳಲ್ಲಿ ಒಂದು ಹೆಣ್ಣುಮಗು. ಓದಿದ್ದು ನಾಲ್ಕನೇ ತರಗತಿ. ಗಂಡ ಬಿದ್ದ ಜಾಗವನ್ನೇ ದಿನಾ ಬೆಳಿಗ್ಗೆ ಗುಡಿಸಬೇಕು. ನಾನಾಗಿದ್ದರೆ ಪೊರಕೆ ಎಸೆದು ಬರುತ್ತಿದ್ದೆ.

ಬೆಳಗಿನ ಮೊದಲ ಗಂಟೆ ಸರಿಯಾದ ಹೊತ್ತಿಗೇ ಆಗುತ್ತಿತ್ತು. ಎರಡನೆಯದು ಮಾತ್ರ ಅವಳ ಮರ್ಜಿ. ಸುತ್ತಿಗೆ ಕೈಯಲ್ಲಿ ಹಿಡಿದು ರಸ್ತೆಯ ಕಡೆ ನೋಡುತ್ತಾ ನಿಲ್ಲುವಳು. ದೂರದಲ್ಲಿ ಯಾವುದಾದರೂ ಮಗು ಚೀಲ ಕುಣಿಸಿಕೊಂಡು ಓಡಿ ಬರುತ್ತಿದ್ದರೆ ಅದು ಗೇಟು ದಾಟುವವರೆಗೂ ಸುತ್ತಿಗೆ ಏಳುತ್ತಿರಲಿಲ್ಲ. ಒಮ್ಮೆ ಹೆಡ್‌ಮಾಸ್ಟರರು ಹೊರಗೆ ಬಂದು ಕೈಗಡಿಯಾರ ತೋರಿಸಿ ರೇಗಿದರು.

“ಸಾರ್, ನಿಮ್ಮ ಗಡಿಯಾರಾನೂ ಓಡ್ತಾ ಇದೆ, ಆ ಮಗೂನೂ ಓಡ್ತಾ ಇದೆ. ಇಬ್ರೂ ಒಟ್ಟಿಗೆ ಬರ್ಲಿ ಬಿಡಿ,” ಅಂದಳು. ಅವರಿಗೆ ನಗು ಬಂದುಬಿಟ್ಟಿತು, ಒಳಗೆ ಹೋದರು.

ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ, ಯಾವುದಕ್ಕೆ ಜ್ವರ, ಯಾರ ಮನೆಯಲ್ಲಿ ಹಿಂದಿನ ದಿನ ಜಗಳವಾಗಿದೆ, ಇದೆಲ್ಲ ಅವಳಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ಹುಡುಗಿಯರು ದೊಡ್ಡವರಾಗುವ ವಯಸ್ಸಲ್ಲವೇ ಅದು? ಅವರಿಗೆಂದೇ ನನ್ನ ಅಂಗಡಿಯ ಮೇಲಿನ ಹಲಗೆಯಲ್ಲಿ ಎರಡು ಯೂನಿಫಾರಂ ಸ್ಕರ್ಟು ಮಡಿಸಿ ಇಡಿಸಿದ್ದಳು. “ಕತ್ತರೀ, ಒಂದು ಕೊಡೇ,” ಎಂದು ಗೇಟಿನಿಂದಲೇ ಕೂಗಿದರೆ ನಾನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದೆ. ಹುಡುಗಿಗೆ ಮುಜುಗರವಾಗುವ ಮುಂಚೆ ಕೆಲಸ ಮುಗಿದಿರುತ್ತಿತ್ತು. ಇಂದು ಊರಲ್ಲಿ ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಜನರ ಮೂಗು ಒರೆಸಿದವಳು ಅವಳು. ಈ ಮಾತು ನೆನಪಿಟ್ಟುಕೊಳ್ಳಿ ಎಂದು ನಿಮಗೆ ಹೇಳುತ್ತಿಲ್ಲ, ಅವರಿಗೆ ಹೇಳುತ್ತಿದ್ದೇನೆ.

ಇನ್ನು ಅವಳ ಮೊಮ್ಮಗಳ ವಿಷಯ. ಮಗಳು ಎರಡನೇ ಮದುವೆಯಾಗಿ ಹೊರಟಾಗ ಆ ಹೊಸ ಮನೆಯವರು ಮೂರ್ಛೆ ಬರುವ ಮಗು ಬೇಡ ಅಂದರು. ಮಗಳೂ ಹೆಚ್ಚೇನೂ ಹಟ ಮಾಡಲಿಲ್ಲ. ಹಾಗೆ ನಾಲ್ಕು ವರ್ಷದ ಕೂಸು ಅಜ್ಜಿಯ ಮಡಿಲಿಗೆ ಬಂತು. ಗಾತ್ರ ಇಷ್ಟೇ, ಮಾತು ಖಾರ. ಅದಕ್ಕೆ ಎಲ್ಲರೂ ‘ಮೆಣಸು’ ಎಂದೇ ಕರೆದರು. ಗಂಟೆಯಕ್ಕನನ್ನು ನಾನು ಅಕ್ಕ ಅನ್ನುವುದರಿಂದ ಈ ಹುಡುಗಿ ಲೆಕ್ಕಹಾಕಿ ನನ್ನನ್ನು ‘ಚಿಕ್ಕಜ್ಜಿ’ ಎಂದು ಕರೆಯಿತು. ನನಗೆ ಆಗಿನ್ನೂ ಮೂವತ್ತಾರು. ಎರಡು ದಿನ ಮಾತು ಬಿಟ್ಟೆ, ಆಮೇಲೆ ‘ಅತ್ತೆ’ ಎಂದು ರಾಜಿಯಾಯಿತು.

ಮಾತ್ರೆ ನುಂಗಿದರೂ ತಿಂಗಳಿಗೆ ಒಂದೋ ಎರಡೋ ಸಲ ಮೆಣಸಿಗೆ ಮೂರ್ಛೆ ಬರುತ್ತಿತ್ತು. ತರಗತಿಯಲ್ಲಿ ಬೆಂಚು ಕದಲಿದ ಸದ್ದಾದರೆ ಸಾಕು, ಗಂಟೆಯಕ್ಕ ಅಲ್ಲಿರುತ್ತಿದ್ದಳು. ಹುಡುಗಿಯನ್ನು ಪಕ್ಕಕ್ಕೆ ಹೊರಳಿಸಿ, ತಲೆಯಡಿಗೆ ಟವೆಲ್ ಕೊಟ್ಟು, ಗೋಡೆ ಗಡಿಯಾರ ನೋಡುತ್ತಾ ಸುಮ್ಮನೆ ಕೂರುವಳು. ಮೇಷ್ಟ್ರು ಪಾಠ ಮುಂದುವರಿಸುವರು. ಸುತ್ತಲಿನ ಮಕ್ಕಳಿಗೂ ಅಭ್ಯಾಸವಾಗಿತ್ತು, ಯಾರೂ ಕಿರುಚುತ್ತಿರಲಿಲ್ಲ, ಯಾರೂ ನಗುತ್ತಿರಲಿಲ್ಲ. ಕಾಲು ಗಂಟೆಯ ನಂತರ ಹುಡುಗಿ ಎದ್ದು ಕೂತು “ಎಲ್ಲಿಗೆ ಬಂತು ಪಾಠ?” ಎಂದು ಪಕ್ಕದವಳನ್ನು ಕೇಳುವಳು. ಲೆಕ್ಕದಲ್ಲಿ ತರಗತಿಗೇ ಮೊದಲು. ಅಜ್ಜಿ ಹತ್ತು ಹೆಜ್ಜೆ ದೂರದಲ್ಲೇ ಇರುತ್ತಾಳೆ ಎಂಬುದರ ಮೇಲೇ ಅವಳ ಓದು ನಡೆಯುತ್ತಿತ್ತು.

ನಮ್ಮದು ಊರ ಶಾಲೆಯಾದರೆ, ನಾಲ್ಕು ಕಿಲೋಮೀಟರ್ ಆಚೆ ಹೆದ್ದಾರಿಯ ಬದಿಗೆ ಇನ್ನೊಂದು ಸರ್ಕಾರಿ ಮಿಡ್ಲ್ ಸ್ಕೂಲು. ಅದಕ್ಕೆ ರಸ್ತೆ ಶಾಲೆ ಎಂದೇ ಹೆಸರು. ಎರಡನ್ನೂ ಹೋಲಿಸುವುದು ನಮ್ಮ ಜನಕ್ಕೆ ಹಳೆಯ ಚಟ. ಕ್ಷೌರದಂಗಡಿಯಲ್ಲಿ ಕೂತವರಿಗೆ ಬೇರೆ ಮಾತೇ ಇರಲಿಲ್ಲ. ಅಲ್ಲಿ ಎರಡಂತಸ್ತು, ಇಲ್ಲಿ ಹಂಚು. ಅಲ್ಲಿ ಎಂಟು ಕಂಪ್ಯೂಟರು, ಇಲ್ಲಿ ಒಂದು ಗ್ಲೋಬು, ಅದರಲ್ಲೂ ಒಂದು ಸಮುದ್ರ ಸುಲಿದುಹೋಗಿದೆ. ಹಾಗೆಂದು ಹೊರಗಿನವನು ಯಾರಾದರೂ ನಮ್ಮ ಶಾಲೆಯನ್ನು ಆಡಿಕೊಂಡರೆ ಅದೇ ಜನ ಅವನ ಮೇಲೆ ಎಗರುತ್ತಿದ್ದರು. ಈ ಅಭಿಮಾನವನ್ನು ನಂಬಿಯೇ ಗಂಟೆಯಕ್ಕ ಕೆಟ್ಟಳು.

ಕಳೆದ ವರ್ಷ ಶಿಕ್ಷಣ ಕಚೇರಿಯಿಂದ ಕಾಗದ ಬಂತು. ಊರ ಶಾಲೆಯಲ್ಲಿ ಮಕ್ಕಳು ಮೂವತ್ತೊಂದೇ ಇದ್ದಾರೆ, ಎರಡು ಶಾಲೆ ಬೇಕೇ ಎಂದು ಪಾಲಕರೇ ಹೇಳಲಿ ಎಂದಿತ್ತು. ಆ ಮೂವತ್ತೊಂದು ಮಕ್ಕಳು ಇಪ್ಪತ್ನಾಲ್ಕು ಮನೆಯವರು. ಪ್ರತಿ ಮನೆಗೂ ಒಂದು ಚೀಟಿ. ಮಕ್ಕಳ ಹೆಸರು ಬರೆದು, ಬರುವ ವರ್ಷ ಯಾವ ಶಾಲೆ ಬೇಕು ಎಂದು ಗುರುತು ಹಾಕಿ ಪೆಟ್ಟಿಗೆಗೆ ಹಾಕಬೇಕು. ರಸ್ತೆ ಶಾಲೆ ಎಂದು ಬರೆದವರಿಗೆ ಅಲ್ಲಿ ಜಾಗ ಖಾತ್ರಿ. ಎಂಟು ಮನೆಯವರಾದರೂ ಊರ ಶಾಲೆ ಎಂದು ಬರೆದರೆ ಊರ ಶಾಲೆಯೂ ಉಳಿಯುತ್ತದೆ. ಎಂಟಕ್ಕೆ ಕಡಿಮೆಯಾದರೆ ಬಾಗಿಲು ಹಾಕುತ್ತಾರೆ, ಎಲ್ಲರೂ ಆಚೆಗೆ ಹೋಗಬೇಕು. ಯಾರು ಏನು ಬರೆದರು ಎಂಬುದನ್ನು ಕಚೇರಿಯವರು ಹೊರಗೆ ಬಿಡುವುದಿಲ್ಲ, ಲೆಕ್ಕ ಮಾತ್ರ ಹೇಳುತ್ತಾರೆ.

ಕಾಗದದ ಜೊತೆಗೆ ಒಂದು ಹೋಲಿಕೆ ಪಟ್ಟಿಯನ್ನೂ ಕಳಿಸಿದ್ದರು. ಎರಡೂ ಶಾಲೆಗಳ ಕೋಣೆ, ಶಿಕ್ಷಕರು, ಪುಸ್ತಕ, ಶೌಚಾಲಯ, ಪರೀಕ್ಷೆಯ ಫಲಿತಾಂಶ, ಎಲ್ಲಾ ಎದುರುಬದುರು. ಅದನ್ನು ಶಾಲೆಯ ಗೋಡೆಗೆ ಅಂಟಿಸುವ ಕೆಲಸವೂ ಗಂಟೆಯಕ್ಕನದೇ. ಅಂಟು ಬಳಿದು ಅಂಟಿಸಿ, ಸೊಂಟದ ಮೇಲೆ ಕೈಯಿಟ್ಟು ಓದಿದಳು.

“ಕಂಪ್ಯೂಟರ್ ಎಂಟು ಅಂತ ಬರ್ದಿದಾರೆ. ನಾಲ್ಕು ಕೆಟ್ಟಿವೆ ಅಂತ ಬರ್ದಿಲ್ವಲ್ಲೇ ಕತ್ತರೀ.”

“ನಮ್ಮ ಗ್ಲೋಬಿನಲ್ಲಿ ಸಮುದ್ರ ಇಲ್ಲ ಅಂತಾನೂ ಬರ್ದಿಲ್ಲ. ಸುಮ್ನಿರಕ್ಕಾ,” ಅಂದೆ.

ಸುಮ್ಮನಿರುವ ಜಾತಿಯಲ್ಲ ಅವಳದು. ಅದೇ ಶನಿವಾರ ರಜೆ ಹಾಕಿ ರಸ್ತೆ ಶಾಲೆಗೆ ತಾನೇ ನಡೆದಳು. ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಒಂದು ಚೊಂಬು ನೀರು ಕುಡಿದಳು. ಬೈಯುತ್ತಾಳೆ ಎಂದು ನಾನು ಕಿವಿ ಚುರುಕು ಮಾಡಿದೆ.

“ಶಾಲೆ ಚೆನ್ನಾಗಿದೆ ಕಣೇ,” ಅಂದಳು. “ಸುಳ್ಳು ಯಾಕೆ ಹೇಳ್ಬೇಕು? ನಲ್ಲಿ ಆರು, ಆರರಲ್ಲೂ ನೀರು ಬರುತ್ತೆ. ವಿಜ್ಞಾನದ ಮೇಡಂ ಒಂದು ಗಾಜಿನ ಯಂತ್ರ ತೋರ್ಸಿದ್ರು, ಅದರಲ್ಲಿ ಈರುಳ್ಳಿ ಸಿಪ್ಪೆ ನೋಡಿದ್ರೆ ಇಟ್ಟಿಗೆ ಗೋಡೆ ಥರ ಕಾಣುತ್ತೆ. ನಮ್ಮ ಮಕ್ಕಳು ಅದನ್ನ ಪುಸ್ತಕದಲ್ಲಷ್ಟೇ ನೋಡಿರೋದು.”

“ಮತ್ತೆ ನಿನ್ನ ಮೆಣಸು?”

“ಅಲ್ಲಿನ ಹೆಡ್‌ಮಾಸ್ಟರನ್ನ ಕೇಳ್ದೆ. ಆರನೇ ತರಗತಿ ಮೇಲಿನ ಅಂತಸ್ತಲ್ಲಂತೆ, ಮೆಟ್ಟಿಲ ಮೇಲೆ ಮೂರ್ಛೆ ಬಂದ್ರೆ ಜವಾಬ್ದಾರಿ ಯಾರದು ಅಂದ್ರು. ಇಡೀ ದಿನ ಜೊತೆಗೊಬ್ರು ಇದ್ರೆ ಮಾತ್ರ ಸೇರಿಸ್ಕೊತಾರಂತೆ. ನಾನೇ ಅಲ್ಲಿಗೆ ಬರ್ತೀನಿ ಸಾರ್, ಅಲ್ಲೂ ಗುಡಿಸ್ತೀನಿ ಅಂದೆ. ಅಟೆಂಡರ್ ಇದಾನಮ್ಮ, ಎರಡನೆಯವರು ನಮಗೆ ಬೇಡ ಅಂದ್ರು.” ಚೊಂಬು ಕೆಳಗಿಟ್ಟಳು. “ನಮ್ಮ ಶಾಲೆ ಉಳೀಬೇಕು ಕತ್ತರೀ. ಎಲ್ಲರೂ ಇಲ್ಲೇ ಇರಿ ಅಂತ ನಾನು ಕೇಳಲ್ಲ, ಅದು ತಪ್ಪಾಗುತ್ತೆ. ಎಂಟು ಮನೆ ಸಾಕು.”

ಎಂಟು ಮನೆ! ಇಪ್ಪತ್ನಾಲ್ಕರಲ್ಲಿ ಎಂಟು. ಅಷ್ಟು ನ್ಯಾಯವಾಗಿ ಕೇಳಿದವಳು ಅವಳು.

ಮುಂದಿನ ಹದಿನೈದು ದಿನ ಶಾಲೆ ಬಿಟ್ಟ ಮೇಲೆ ಮನೆಮನೆಗೆ ಹೋದಳು. ಹೋದಲ್ಲೆಲ್ಲ ರಸ್ತೆ ಶಾಲೆಯ ಒಳ್ಳೆಯದನ್ನೂ ಹೇಳಿದಳು, ಈರುಳ್ಳಿ ಸಿಪ್ಪೆಯ ಕಥೆಯನ್ನೂ ಹೇಳಿದಳು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಓಟು ಕೇಳಲು ಹೋದವರು ಎದುರಾಳಿಯನ್ನು ಹೊಗಳುತ್ತಾರೇನು? ಆಮೇಲೆ ಕೊನೆಯಲ್ಲಿ ಮೆಣಸಿನ ಸಂಗತಿ ಹೇಳಿ, “ನಿಮಗೆ ಸರಿ ಕಂಡ್ರೆ ನೋಡಿ,” ಎಂದು ಎದ್ದು ಬರುತ್ತಿದ್ದಳು.

ಎಲ್ಲರಿಗೂ ಸರಿ ಕಂಡಿತು! ಕ್ಷೌರದಂಗಡಿಯವನು, “ಅಕ್ಕಾ, ನನ್ನ ಮೊಣಕಾಲಿಗೆ ನೀನು ಕಟ್ಟಿದ ಪಟ್ಟಿ ಲೆಕ್ಕ ಇದೆಯಾ? ನನ್ನ ಚೀಟಿ ನಿನಗೆ,” ಅಂದ. ಬೇಕರಿಯವನು ಕೈಮುಗಿದು, “ಕೇಳೋದೇ ಬೇಡ,” ಅಂದ. ಸೈಕಲ್ ರಿಪೇರಿಯವನ ಹೆಂಡತಿ ಕಣ್ಣೀರು ಹಾಕಿದಳು. ಗಂಟೆಯಕ್ಕನ ಸ್ವಂತ ಮೈದುನ, ಅದೇ ಬೀದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವವನು, “ಅತ್ತಿಗೆ, ನಮ್ಮ ಮನೆ ಬಾಗಿಲಿಗೂ ಬಂದು ಕೇಳ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?” ಎಂದು ತಾನೇ ಮುನಿಸಿಕೊಂಡ. ಹದಿನೈದನೇ ದಿನ ಬಂದು ನನ್ನೆದುರು ಬೆರಳು ಮಡಚಿ ಎಣಿಸಿದಳು. ಒಬ್ಬರೂ ಇಲ್ಲ ಅಂದಿರಲಿಲ್ಲ.

“ಅರ್ಧ ಜನ ಕೈ ಕೊಟ್ರೂ ಹನ್ನೆರಡಾಗುತ್ತೆ,” ಅಂದಳು. ಆ ದಿನ ಅವಳು ನಕ್ಕಿದ್ದನ್ನು ನೋಡಬೇಕಿತ್ತು ನೀವು. ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು.

ಚೀಟಿ ಹಾಕುವ ದಿನ ಏಳನೇ ತರಗತಿಯ ಕೋಣೆಯಲ್ಲಿ ಮೇಜು ಹಾಕಿ ಬಟ್ಟೆ ಹಾಸಿದವಳೂ ಅವಳೇ. ಪೆಟ್ಟಿಗೆ ಎಂದರೆ ಬಿಸ್ಕತ್ತಿನ ಹಳೆಯ ಡಬ್ಬ, ಮುಚ್ಚಳದಲ್ಲಿ ಸೀಳು ಕೊರೆದಿದ್ದರು. ಕಚೇರಿಯಿಂದ ಬಂದ ಅಧಿಕಾರಿ ಮೇಡಂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮಧ್ಯಾಹ್ನ ಎರಡರ ತನಕ ಜನ ಬಂದರು, ಮೂಲೆಯ ಬೆಂಚಿಗೆ ಹೋಗಿ ಬೆನ್ನು ತಿರುಗಿಸಿ ಬರೆದರು, ಹಾಕಿದರು. ಹೊರಗೆ ಬರುವಾಗ ಪ್ರತಿಯೊಬ್ಬರೂ ಗಂಟೆಯಕ್ಕನ ಕಡೆ ನೋಡಿ ತಲೆಯಾಡಿಸಿದರು. ಮೈದುನ ಹೆಬ್ಬೆರಳು ಎತ್ತಿ ತೋರಿಸಿದ. ನಾನೂ ಹೋಗಿ ಹಾಕಿ ಬಂದೆ.

ಮೂರು ಗಂಟೆಗೆ ಎಣಿಕೆ. ಕೋಣೆ ತುಂಬಾ ಜನ, ಕಿಟಕಿಯಲ್ಲೂ ಜನ. ಮೇಡಂ ಒಂದೊಂದೇ ಚೀಟಿ ಬಿಡಿಸಿ, ಹೆಸರಿನ ಭಾಗಕ್ಕೆ ಬೆರಳು ಮುಚ್ಚಿ, ಗುರುತು ನೋಡಿ ಎರಡು ಗುಡ್ಡೆ ಮಾಡುತ್ತಾ ಹೋದರು. ಹೋಗುತ್ತಾ ಹೋಗುತ್ತಾ ಎರಡು ಗುಡ್ಡೆ ಎನ್ನುವುದೇ ಸುಳ್ಳಾಯಿತು. ಬಲಗಡೆ ಒಂದು ಗುಡ್ಡೆ, ಎಡಗಡೆ ಒಂದು ಚೀಟಿ. ಮೇಡಂ ಡಬ್ಬವನ್ನು ಬೋರಲು ಹಾಕಿ ತಟ್ಟಿದರು, ಇನ್ನೇನೂ ಬೀಳಲಿಲ್ಲ.

“ರಸ್ತೆ ಶಾಲೆಗೆ ಇಪ್ಪತ್ಮೂರು. ಊರ ಶಾಲೆಗೆ ಒಂದು,” ಅಂದರು. ಅವರಿಗೇ ಅನುಮಾನ ಬಂದು ಇನ್ನೊಮ್ಮೆ ಎಣಿಸಿದರು. ಇಪ್ಪತ್ಮೂರು, ಒಂದು.

ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮುಖಗಳನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಕಳ್ಳತನಕ್ಕೆ ಹೋದ ಮನೆಯಲ್ಲಿ ಇಡೀ ಊರೇ ಎದುರಾದರೆ ಹೇಗಿರುತ್ತದೋ ಹಾಗಿದ್ದವು. ಪ್ರತಿಯೊಬ್ಬನ ಲೆಕ್ಕವೂ ಒಂದೇ ಆಗಿತ್ತಲ್ಲ. ನನ್ನ ಮಗುವಿಗೆ ಅಲ್ಲಿ ಜಾಗ ಸಿಗಲಿ, ಊರ ಶಾಲೆ ಉಳಿಸಲು ಉಳಿದವರು ಇದ್ದೇ ಇದ್ದಾರೆ. ಇಪ್ಪತ್ಮೂರು ಮನೆಯವರೂ ಒಬ್ಬರಿಗೊಬ್ಬರು ಹೇಳದೆ ಇದೇ ಒಂದು ಬುದ್ಧಿವಂತಿಕೆ ಮಾಡಿದ್ದರು.

ಗಂಟೆಯಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಜನ ಗೋಡೆಗೆ ಒತ್ತಿಕೊಂಡು ಅವಳನ್ನು ಮುಟ್ಟದಂತೆ ಒಬ್ಬೊಬ್ಬರೇ ಜಾರಿಕೊಂಡರು. ಎಲ್ಲರೂ ಹೋದ ಮೇಲೆ ಮೇಜಿನ ಬಟ್ಟೆ ಕೊಡವಿ ಮಡಿಸಿ, ಬೆಂಚುಗಳನ್ನು ಸಾಲಿಗೆ ತಂದು, ಕೋಣೆ ಗುಡಿಸಿದಳು. ಮೆಣಸು ಜಗಲಿಯಲ್ಲಿ ಕೂತು ಅಜ್ಜಿಯನ್ನೇ ನೋಡುತ್ತಿತ್ತು. ಆ ಹುಡುಗಿಗೆ ಯಾರೂ ಏನೂ ಬಿಡಿಸಿ ಹೇಳಬೇಕಿರಲಿಲ್ಲ, ಲೆಕ್ಕದಲ್ಲಿ ಜಾಣೆ ಎಂದು ಆಗಲೇ ಹೇಳಿದೆನಲ್ಲ.

ಅಸಲು ನಾಟಕ ಮರುದಿನ ಶುರುವಾಯಿತು. ಅಂದು ಭಾನುವಾರ. ನಾನು ಬೆಳಿಗ್ಗೆಯೇ ಗಂಟೆಯಕ್ಕನ ಮನೆಗೆ ಹೋಗಿದ್ದೆ. ಎರಡು ಕೋಣೆಯ ಮನೆ, ಒಲೆಯ ಪಕ್ಕದಲ್ಲೇ ಕೂತಿದ್ದೆವು. ಮೊದಲು ಬಂದವನು ಕ್ಷೌರದಂಗಡಿಯವನು. ಬಾಗಿಲಲ್ಲೇ ನಿಂತು ಚಪ್ಪಲಿ ಕಡೆ ನೋಡುತ್ತಾ ಹೇಳಿದ.

“ಅಕ್ಕಾ, ಊರೇ ಕೆಟ್ಟುಹೋಯ್ತು. ಆ ಒಂದು ಚೀಟಿ ಇತ್ತಲ್ಲ, ಅದು ನಂದು.”

“ಹೌದಾ ಅಣ್ಣಾ? ಒಳಗೆ ಬಾ, ಚಹಾ ಕುಡಿ,” ಅಂದಳು.

ಅವನು ಲೋಟ ಕೆಳಗಿಡುವ ಮುಂಚೆ ಬೇಕರಿಯವನು ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದ. ಕ್ಷೌರದವನನ್ನು ಕಂಡು ಗಲಿಬಿಲಿಯಾಯಿತು. ಅವನು ಎದ್ದುಹೋಗುವವರೆಗೂ ಹವಾಮಾನದ ಮಾತಾಡಿ, ಆಮೇಲೆ ದನಿ ತಗ್ಗಿಸಿದ. “ಯಾರಿಗೂ ಹೇಳ್ಬೇಡಿ. ಆ ಒಂದು ನಂದೇ.” ಸೈಕಲ್ ರಿಪೇರಿಯವನ ಹೆಂಡತಿ ಹಿತ್ತಲ ಬಾಗಿಲಿಂದ ಬಂದಳು. ಗಂಡ ಬೇರೆ ಕಡೆ ಹಾಕು ಅಂದಿದ್ದನಂತೆ, ಅವನ ಮಾತು ಮೀರಿ ಇವಳು ಊರ ಶಾಲೆಗೇ ಹಾಕಿದಳಂತೆ. ಅರ್ಧ ಗಂಟೆ ಬಿಟ್ಟು ಆ ಗಂಡನೇ ಬಂದ. ಹೆಂಡತಿ ಬೇಡ ಅಂದಳಂತೆ, ಇವನು ಕೇಳಲಿಲ್ಲವಂತೆ. ಮೈದುನ ಬಂದವನು ತನ್ನ ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಅವನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಮಗು ಅಪ್ಪನ ಮುಖ ನೋಡಿತು. ನನಗೆ ಒಲೆಯ ಮೇಲಿನ ಚಹಾ ಎತ್ತಿ ಅವನ ಮೇಲೆ ಸುರಿಯಬೇಕು ಅನ್ನಿಸಿತು.

ಒಂದು ಚೀಟಿಗೆ ಎಷ್ಟು ಜನ ಅಪ್ಪಂದಿರು! ಸಂಜೆಯೊಳಗೆ ಹದಿನೇಳು ಮಂದಿ ಬಂದು ಹೋದರು. ಗಂಟೆಯಕ್ಕ ಒಬ್ಬರಿಗೂ ಎದುರಾಡಲಿಲ್ಲ. ಎಲ್ಲರಿಗೂ ಚಹಾ ಕೊಟ್ಟಳು, ಎಲ್ಲರಿಗೂ “ನಂಗೊತ್ತಿತ್ತು ಬಿಡಿ” ಅಂದಳು. ಹಾಲು ಮುಗಿದು ಮೆಣಸು ಎರಡು ಸಲ ಅಂಗಡಿಗೆ ಓಡಿತು. ಒಬ್ಬೊಬ್ಬರು ಎದ್ದು ಹೋದ ಹಾಗೆಲ್ಲ ನಾನು ಬೆನ್ನ ಹಿಂದೆ ಬೈದೆ.

ಈಗ ನನ್ನ ವಿಷಯ. ಇಷ್ಟು ಹೊತ್ತು ಊರವರ ಮೇಲೆ ಕೂಗಾಡಿದೆನಲ್ಲ, ಆ ಹದಿನೇಳರ ಮೇಲೆ ಹದಿನೆಂಟನೆಯವಳು ನಾನು.

ನನಗೂ ಒಬ್ಬಳು ಮಗಳಿದ್ದಾಳೆ, ಐದು ಮುಗಿಸಿ ಆರಕ್ಕೆ ಹೋಗಬೇಕಾದವಳು, ಮೆಣಸಿನ ಜೊತೆಯವಳೇ. ಗಂಟೆಯಕ್ಕ ಆ ಶನಿವಾರ ಈರುಳ್ಳಿ ಸಿಪ್ಪೆಯ ಮಾತು ಹೇಳಿದಾಗ ನನ್ನ ತಲೆಯಲ್ಲಿ ಅದೊಂದೇ ಕೂತುಬಿಟ್ಟಿತು. ನಾನು ಆರನೇ ತರಗತಿಗೇ ಶಾಲೆ ಬಿಟ್ಟು ಯಂತ್ರ ತುಳಿದವಳು. ನನ್ನ ಮಗಳು ಆ ಗಾಜಿನಲ್ಲಿ ಕಣ್ಣಿಟ್ಟು ನೋಡಲಿ ಅನ್ನಿಸಿತು. ಮೂಲೆಯ ಬೆಂಚಿನಲ್ಲಿ ಕೂತು ಪೆನ್ನು ಹಿಡಿದಾಗ ನನಗೂ ಅದೇ ಲೆಕ್ಕ. ಬೇಕರಿಯವನಿದ್ದಾನೆ, ಮೈದುನನಿದ್ದಾನೆ, ಎಂಟು ಏನು, ಹದಿನೆಂಟು ಬೀಳುತ್ತದೆ, ನನ್ನದೊಂದು ಇಲ್ಲದಿದ್ದರೆ ಏನಾಯಿತು? ಗುರುತು ಹಾಕಿದೆ. ಥೂ.

ಭಾನುವಾರ ಸಂಜೆ ಕೊನೆಯವನು ಎದ್ದು ಹೋದ ಮೇಲೆ ಲೋಟ ತೊಳೆಯುತ್ತಾ, ಅವಳ ಮುಖ ನೋಡದೆ, “ಅಕ್ಕಾ, ಅವರೆಲ್ಲ ಸುಳ್ಳು ಹೇಳ್ತಾ ಇದಾರೆ. ಅದು ನಂದು,” ಅಂದೆ.

ಅವಳು ನನ್ನ ಕೈಯಿಂದ ಒದ್ದೆ ಲೋಟ ತೆಗೆದುಕೊಂಡು ಒರೆಸಿದಳು. “ನಿಂದಾ? ಸರಿ ಕಣೇ,” ಅಂದಳು. ಉಳಿದವರಿಗೆಲ್ಲ ಅಂದಂತೆ ‘ನಂಗೊತ್ತಿತ್ತು’ ಅನ್ನಲಿಲ್ಲ. ನನಗೆ ಅದು ಆಗ ಹೊಳೆಯಲೂ ಇಲ್ಲ. ನಂಬಿದಳು ಎಂದುಕೊಂಡು ಹಗುರಾಗಿ ಮನೆಗೆ ಬಂದೆ.

ಪರೀಕ್ಷೆಗಳು ಮುಗಿದವು, ಶಾಲೆಗೆ ಬೀಗ ಬಿತ್ತು. ಮೇಷ್ಟ್ರುಗಳು ಅಲ್ಲಿ ಇಲ್ಲಿ ಹಂಚಿಹೋದರು. ಗಂಟೆಯಕ್ಕನ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಅವಳನ್ನು ಪಟ್ಟಣದ ಶಿಕ್ಷಣ ಕಚೇರಿಗೆ ಹಾಕಿದರು, ಕಡತಗಳನ್ನು ಮೇಜಿಂದ ಮೇಜಿಗೆ ಒಯ್ಯುವ ಕೆಲಸ. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ವಾಪಸು ಬರುವುದು ಸಂಜೆ ಆರಕ್ಕೆ. ರಸ್ತೆ ಶಾಲೆಗೆ ಇನ್ನೆರಡು ಸಲ ಹೋಗಿ ಬಂದಳು. ಡಾಕ್ಟರ ಚೀಟಿ ತಂದಳು, ಅಧಿಕಾರಿ ಮೇಡಂಗೆ ಅರ್ಜಿ ಕೊಟ್ಟಳು. ಅರ್ಜಿ ಪರಿಶೀಲನೆಯಲ್ಲಿದೆ ಅಂದರು, ಜೊತೆಗೊಬ್ಬರು ಬೇಕು ಎಂಬ ಮಾತು ಮಾತ್ರ ಬದಲಾಗಲಿಲ್ಲ. ಮೆಣಸಿನ ಜೊತೆ ದಿನವಿಡೀ ಕೂರುವವರು ಯಾರು? ಆ ಹದಿನೇಳು ಜನರಲ್ಲಿ ಒಬ್ಬನೂ ಅವಳ ಬಾಗಿಲ ಕಡೆ ಮತ್ತೆ ಸುಳಿಯಲಿಲ್ಲ.

ನಾನು ಸುಳಿದೆ. “ಅಕ್ಕಾ, ಮೆಣಸು ನನ್ನ ಅಂಗಡೀಲಿರ್ಲಿ. ನಾನು ನೋಡ್ಕೋತೀನಿ. ಗುಂಡಿ ಹೊಲಿಯೋದು, ಕಾಜಾ ಮಾಡೋದು ಕಲೀಲಿ, ಒಂದು ಕಸುಬಾಗುತ್ತೆ,” ಅಂದೆ. ದೊಡ್ಡ ಉಪಕಾರ ಮಾಡಿದವಳ ಹಾಗೆ ಹೇಳಿದೆ. ಅವಳು ಹೂಂ ಎಂದಷ್ಟೇ ತಲೆಯಾಡಿಸಿದಳು.

ರಸ್ತೆ ಶಾಲೆ ತೆರೆದ ದಿನವೇ ಅವಳಿಗೂ ಕಚೇರಿಯಲ್ಲಿ ಮೊದಲ ದಿನ. ಬೆಳಿಗ್ಗೆ ಆರೂ ಮುಕ್ಕಾಲಿಗೆ ಮೆಣಸನ್ನು ಕರೆದುಕೊಂಡು ಅಂಗಡಿಗೆ ಬಂದಳು. ನನ್ನ ಮಗಳು ಹೊಸ ಯೂನಿಫಾರಂ ಹಾಕಿಕೊಂಡು ಅಂಗಡಿಗೆ ಅಂಟಿದ ನಮ್ಮ ಒಳಮನೆಯಲ್ಲಿ ಜಡೆ ಹಾಕಿಸಿಕೊಳ್ಳಲು ಕಾಯುತ್ತಿದ್ದಳು. ಮೆಣಸು ಬಾಗಿಲಲ್ಲಿ ನಿಂತು ಆ ಯೂನಿಫಾರಂ ಅನ್ನೇ ನೋಡಿತು. ಸುಮ್ಮನೆ ಹೋಗಿ ಸ್ಟೂಲಿನ ಮೇಲೆ ಕೂತಿತು.

ಗಂಟೆಯಕ್ಕ ಕೈಚೀಲದಿಂದ ಮಾತ್ರೆಯ ಡಬ್ಬಿ, ಟವೆಲ್ಲು, ಒಂದು ಕೈಗಡಿಯಾರ ತೆಗೆದು ಮೇಜಿನ ಮೇಲಿಟ್ಟಳು. “ಮೂರ್ಛೆ ಬಂದ್ರೆ ಪಕ್ಕಕ್ಕೆ ಹೊರಳ್ಸು. ಬಾಯಿಗೆ ಏನೂ ತುರುಕಬೇಡ, ಗಟ್ಟಿಯಾಗಿ ಹಿಡ್ಕೊಬೇಡ. ಗಡಿಯಾರ ನೋಡ್ತಾ ಇರು. ಐದು ನಿಮಿಷ ದಾಟಿದ್ರೆ ಡಾಕ್ಟರಿಗೆ ಫೋನ್ ಮಾಡು. ಕತ್ತರಿ, ಸೂಜಿ ಎಲ್ಲಾ ಮೇಲಿನ ಹಲಗೆಗೆ ಎತ್ತಿಡು.”

“ಎಲ್ಲಾ ಗೊತ್ತಕ್ಕಾ. ನೀನು ಧೈರ್ಯವಾಗಿ ಹೋಗು. ನನ್ನ ಮೇಲೆ ನಂಬಿಕೆ ಇಲ್ವಾ?”

ಕೇಳಬಾರದಾಗಿತ್ತು. ಬಾಯಿ ತಪ್ಪಿ ಬಂತು. ಅವಳು ನನ್ನನ್ನು ಅಂಗಡಿಯ ಹೊರಗೆ, ಹುಡುಗಿಗೆ ಕೇಳಿಸದಷ್ಟು ದೂರ ಕರೆದುಕೊಂಡು ಹೋದಳು.

“ಆ ಚೀಟಿ ನಂದು ಕಣೇ,” ಅಂದಳು.

ನನಗೆ ತಕ್ಷಣ ತಿಳಿಯಲಿಲ್ಲ.

“ಮೆಣಸೂ ಆ ಶಾಲೆ ಮಗು ಅಲ್ವಾ? ನಂದೂ ಒಂದು ಮನೆ ಅಲ್ವಾ? ಇಪ್ಪತ್ನಾಲ್ಕರಲ್ಲಿ ನಂದೂ ಒಂದು ಚೀಟಿ ಇತ್ತು. ನಿಮಗ್ಯಾರಿಗೂ ಅದು ತಲೆಗೇ ಬರ್ಲಿಲ್ಲ. ಮೇಡಂ ಒಂದು ಅಂದ ತಕ್ಷಣ ನಂಗೆ ಗೊತ್ತಾಯ್ತು, ಈ ಊರಲ್ಲಿ ನನ್ನ ಕಡೆ ನಾನೊಬ್ಳೇ ಅಂತ. ಭಾನುವಾರ ಬೆಳಿಗ್ಗೆಯಿಂದ ಒಬ್ಬೊಬ್ರೇ ಬಂದು ನನ್ನ ಚೀಟೀನ ನನ್ನೆದುರೇ ತಮ್ಮದು ಅಂದ್ರು. ಚಹಾ ಕೊಟ್ಟೆ. ನೀನು ಪಕ್ಕದಲ್ಲೇ ಕೂತು ಎಲ್ಲರನ್ನೂ ಬೈತಾ ಇದ್ದೆಯಲ್ಲ, ಅದನ್ನ ನೋಡಿ ಅಂದ್ಕೊಂಡೆ, ಇವಳು ಹಾಕಿಲ್ಲ ಅಂದ್ರೂ ಬಂದು ಸುಳ್ಳಂತೂ ಹೇಳಲ್ಲ ಅಂತ. ಸಂಜೆವರೆಗೂ ಹಾಗೇ ಅಂದ್ಕೊಂಡಿದ್ದೆ.”

ಅವಳ ಕಾಲು ಹಿಡಿಯೋಣ ಅನ್ನಿಸಿತು, ಆಗಲಿಲ್ಲ. ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅವಳು ಕೈಚೀಲ ಹೆಗಲಿಗೇರಿಸಿ ಒಳಗಿದ್ದ ಮೊಮ್ಮಗಳ ಕಡೆ ಒಮ್ಮೆ ನೋಡಿದಳು.

“ನಂಬಿಕೆ ಅಂದ್ಯಲ್ಲ,” ಅಂದಳು. “ನಂಬಿ ಬಿಟ್ಟು ಹೋಗ್ತಾ ಇಲ್ಲ ಕತ್ತರೀ. ಬೇರೆ ಯಾರೂ ಇಲ್ಲ ಅಂತ ಬಿಟ್ಟು ಹೋಗ್ತಾ ಇದೀನಿ.”